ಎರಡು ತಂತಿಯ ಮನೆ

ನವೆಂಬರ್ 18, ಸೋಮವಾರ. ಮಾನ್ವಿ

ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಎರಡು ತಾಸು ಹಿಡಿಯಿತು. 1983ರಲ್ಲಿ ಇಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರನಾಗಿ ವರ್ಗವಾಗಿ ಬಂದಾಗಲೂ ಎರಡು ತಾಸೇ ಹಿಡಿದಿತ್ತು. ನಲವತ್ತೊಂದು ವರ್ಷ ಈ ರಸ್ತೆಗೆ ಸುರಿದ ಡಾಂಬರೆಲ್ಲ ಎಲ್ಲಿ ಹೋಯಿತು ಎಂದು ಕಂಡಕ್ಟರನನ್ನು ಕೇಳಿದೆ. "ಇಳೀರಿ ಯಜಮಾನ್ರ, ನಿಮ್ಮ ಸ್ಟಾಪ್ ಬಂತು" ಎಂದ. ಈ ದೇಶದಲ್ಲಿ ನೇರ ಪ್ರಶ್ನೆಗೆ ನೇರ ಉತ್ತರ ಕೊಡುವ ಒಬ್ಬ ನೌಕರನನ್ನು ನಾನಿನ್ನೂ ಕಂಡಿಲ್ಲ.

ಅಕ್ಕ ಅನ್ವರಿ ಬೇಗಂ ಬಚ್ಚಲಲ್ಲಿ ಜಾರಿ ಬಲಗಾಲು ಮುರಿದುಕೊಂಡು ಮಲಗಿದ್ದಾಳೆ. ಅವಳ ಮಗಳು ಬರುವತನಕ ನಾನಿರಬೇಕು. ಹೆಂಡತಿ ವಾಹಿದಾ ನನ್ನ ಬ್ಯಾಗು ತುಂಬಿ ಬಾಗಿಲಲ್ಲಿಟ್ಟು, "ಪೇಪರ್ ಓದಿ ಸರ್ಕಾರಕ್ಕ ಬೈಯೋದು ಮಾನ್ವಿಯಿಂದನೂ ಆಗ್ತದ, ಹೋಗ್ರಿ" ಎಂದಳು. ಮೂವತ್ತೆಂಟು ವರ್ಷದ ಸಂಸಾರದ ಫಲ ಇದು.

ಅಕ್ಕನದು ಸಂಬಂಧ ಕುದುರಿಸುವ ಕೆಲಸ. ನಲವತ್ತು ವರ್ಷದಿಂದ ಮಾಡುತ್ತಿದ್ದಾಳೆ. ಸಿರವಾರ, ದೇವದುರ್ಗ, ರಾಯಚೂರಿನ ತಾಯಂದಿರು ಗಲ್ಲಿಯ ಕಡೆಯ ಹಿಂಬಾಗಿಲಿನಿಂದ ಬಂದು, ತಮ್ಮ ಮೊಬೈಲುಗಳನ್ನು ಬಾಗಿಲ ಪಕ್ಕದ ರೊಟ್ಟಿ ಡಬ್ಬಿಯಲ್ಲಿಟ್ಟು, ಒಳಕೋಣೆಯಲ್ಲಿ ಕೂಡುತ್ತಾರೆ. ಹಿಂದೆ ಫೋಟೊಗಳು ಕಬ್ಬಿಣದ ಟ್ರಂಕಿನಲ್ಲಿದ್ದವು. ಈಗ ಮೂಲೆಯ ಕಂಪ್ಯೂಟರಿನಲ್ಲಿವೆ. ಎದುರಿನ ಗೋಡೆಯ ಟಿವಿಯಲ್ಲಿ ಅಕ್ಕ ಒಂದೊಂದಾಗಿ ತೋರಿಸುತ್ತಾಳೆ. ಕಾನೂನು ಒಂದೇ: ಹೆಣ್ಣುಮಗಳ ಫೋಟೊ ಆ ಕೋಣೆ ಬಿಟ್ಟು ಹೊರಗೆ ಹೋಗಕೂಡದು.

ಫೋಟೊ ತೋರಿಸುವಾಗ ಗಂಡಸರು ಬಜಾರಿನ ಕಡೆಯ ಪಡಸಾಲೆಯಲ್ಲೇ ಇರಬೇಕು. ನಾನು ತಮ್ಮನಾದರೂ ಅಷ್ಟೇ. ಆದರೆ ಗೋಡೆ ತೆಳ್ಳಗಿದೆ, ಎಲ್ಲ ಕೇಳಿಸುತ್ತದೆ. ಇವತ್ತು ಸಂಜೆಯೊಳಗೆ ಮೂರು ಮನೆತನಗಳ ವಿಷಯ ತಿಳಿದುಕೊಂಡೆ.

ನವೆಂಬರ್ 20, ಬುಧವಾರ

ಈ ಪುಟವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಬೆಳಿಗ್ಗೆ ಹತ್ತಕ್ಕೆ ಪಡಸಾಲೆಯಲ್ಲಿ ಮೂರನೇ ಪತ್ರಿಕೆ ಬಿಡಿಸಿದ್ದೆ. ಪಕ್ಕದಲ್ಲೇ ಮುಷರ್ರಫನ ಚಹಾ ಹೋಟೆಲು. ಅಲ್ಲಿಂದ ಇಪ್ಪತ್ತು ಜನ ಒಟ್ಟಿಗೆ ಹೋ ಎಂದರು. ಓಡಿದೆ. ಹೋಟೆಲಿನ ಗೋಡೆಯ ಟಿವಿಯಲ್ಲಿ ಅಕ್ಕನ ಪಟ್ಟಿಯ ಗಂಡುಗಳು! ಕೋಟು ಹಾಕಿದವನೊಬ್ಬ, ಬೈಕಿಗೆ ಒರಗಿ ನಿಂತವನೊಬ್ಬ, ಕೆಳಗೆ ಹೆಸರು, ವಯಸ್ಸು, ಉದ್ಯೋಗ. ಜನ ಬನ್ನು ಅದ್ದುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಬಂದದ್ದು ಹೋಟೆಲಿನ ಮಾಲೀಕನದೇ ಚಿತ್ರ: ಮುಷರ್ರಫ್, ನಲವತ್ತಾರು, ವಿಧುರ, ಸ್ವಂತ ಹೋಟೆಲು.

"ಲೇ ಮುಷರ್ರಫ್ ಭಾಯ್, ಮೀಸಿಗೆ ಎಷ್ಟ್ ಡಬ್ಬಿ ಕಪ್ಪು ಬಳದೀರಿ?"

"ಯಾರಿಗೂ ಹೇಳದ ಅರ್ಜಿ ಹಾಕ್ಯಾರ ನೋಡಪಾ!"

ಮುಷರ್ರಫ್ ರಿಮೋಟು ಒತ್ತಿದ, ಬಡಿದ, ಕೊನೆಗೆ ಬೆಂಚು ಹತ್ತಿ ಪ್ಲಗ್ಗು ಕಿತ್ತ. ಇಳಿದವನೇ ನನ್ನ ಕಡೆ ತಿರುಗಿ, "ನಿಮ್ಮ ಮನಿಯವ್ರು ನನ್ನ ಮಾನ ಬಜಾರಕ್ಕ ಹಚ್ಚೀರಿ" ಎಂದ. ನಾನು, "ನೀ ನಮ್ಮ ಮನಿಯ ಫೋಟೊ ಕದ್ದಿ" ಎಂದೆ. "ನಾ ಮೊದಲನೇ ಸಲ ಟಿವಿಗೆ ಪೆನ್ ಡ್ರೈವ್ ಹಚ್ಚಿ ಕವಾಲಿ ಹುಡುಕಾಕತ್ತಿದ್ದೆ. ಪಟ್ಟಿಯೊಳಗ 'ವರಗಳು' ಅಂತ ಬಂತು, ಒತ್ತಿದೆ. ನಾ ಯಾಕ ನನ್ನ ಫೋಟೊ ಕದ್ದು ನಾನ ಹಚ್ಚಲಿ, ಹುಚ್ಚ ಹಿಡದದೇನು ನನಗ?" ಎಂದ. ಕಳ್ಳರು ಯಾವಾಗಲೂ ಇಂಥ ಜಾಣ ಪ್ರಶ್ನೆ ಕೇಳುತ್ತಾರೆ.

ಅಕ್ಕ ಮೊದಲು ಕಂಪ್ಯೂಟರ್ ಬಂದ್ ಮಾಡಿಸಿದಳು. ಆಮೇಲೆ, "ಇವತ್ತ ಗಂಡುಗಳು. ನಾಳೆ ಹೆಣ್ಣುಮಕ್ಕಳು ಬಂದ್ರ? ಒಂದು ಹುಡುಗಿ ಮಾರಿ ಹೊರಗ ಬಂತು ಅಂದ್ರ ಅವತ್ತ ಈ ಕೆಲಸ ಬಂದ್ ಮಾಡ್ತೀನಿ, ಅಮೀರ್" ಎಂದಳು. ಆಡಿದ ಮಾತು ಬಿಡುವವಳಲ್ಲ.

ನವೆಂಬರ್ 21, ಗುರುವಾರ

ದೂರು ಬರೆದೆ. ನಾಲ್ಕು ಪುಟ. ಪೊಲೀಸ್ ಠಾಣೆಗೆ, ಪ್ರತಿಗಳು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ಪುರಸಭೆಗೆ, ಇಬ್ಬರು ಸಂಪಾದಕರಿಗೆ, ಇನ್ನೂ ಆರು ಜನಕ್ಕೆ. 1994ರಲ್ಲಿ ನಮ್ಮ ಓಣಿಯ ಚರಂಡಿ ಅಗೆದು ಬಿಟ್ಟಾಗಲೂ ಹನ್ನೊಂದು ಪ್ರತಿ ಕಳಿಸಿದ್ದೆ. ಚರಂಡಿ ಇನ್ನೂ ಹಾಗೇ ಇದೆ, ಅದು ಬೇರೆ ಮಾತು. ಓಣಿಯ ವಾಟ್ಸಾಪ್ ಗುಂಪಿಗೂ ಹಾಕೋಣವೆಂದಿದ್ದೆ. ಅಕ್ಕ ದೂರನ್ನೂ ಕಳಿಸಗೊಡಲಿಲ್ಲ, ಮಲಗಿದಲ್ಲಿಂದಲೇ ನನ್ನ ಮೊಬೈಲು ಕಸಿದು ರೊಟ್ಟಿ ಡಬ್ಬಿಗೆ ಹಾಕಿಸಿದಳು.

"ಊರೆಲ್ಲಾ ಡಂಗುರ ಹೊಡಿಯಾಕ ಕರಸಿಲ್ಲ ನಿನ್ನ. ಸವಿತಾಗ ಫೋನ್ ಹಚ್ಚು."

"ಫೋನು ಡಬ್ಬ್ಯಾಗ ಅದಲ್ಲ ಆಪಾ?"

"ಹಚ್ಚಿ ಮತ್ತ ಡಬ್ಬಿಗೆ ಹಾಕು."

ಸವಿತಾ ದೇವದುರ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಹಿಂದೆ ಅಕ್ಕನ ಮಾಳಿಗೆಯ ಮೇಲೆ ಬಾಡಿಗೆಗಿದ್ದಳು. ಎರಡು ವರ್ಷದ ಕೆಳಗೆ ಈ ಕಂಪ್ಯೂಟರ್ ಜೋಡಿಸಿಕೊಟ್ಟವಳೂ ಅವಳೇ. ಭಾನುವಾರ ಬರುತ್ತಾಳಂತೆ. ಅಲ್ಲಿಯವರೆಗೆ ಯಂತ್ರ ಬಂದ್.

ನವೆಂಬರ್ 24, ಭಾನುವಾರ

ಸವಿತಾ ಸಿರವಾರದ ಬಸ್ಸಿನಲ್ಲಿ ಬಂದಳು. ನಾನು ದೂರಿನ ಪ್ರತಿ ಕೊಟ್ಟೆ. ಮೊದಲ ಪುಟದ ಅರ್ಧ ಓದಿ, "ಕಳ್ಳ ಯಾರೂ ಇಲ್ರಿ ಸಾಹೇಬ್ರ" ಎಂದು ಮಡಚಿ ಕೊಟ್ಟಳು.

ಕಂಪ್ಯೂಟರಿನ ಹಿಂದೆ ಟಾರ್ಚು ಬಿಟ್ಟಳು. ತಂತಿ ಚುಚ್ಚುವ ಸಾಕೆಟ್ಟು ಎರಡಿವೆ, ಒಂದರ ಮೇಲೊಂದು. ಎರಡಕ್ಕೂ ನೀಲಿ ತಂತಿ. "ನಾ ಜೋಡಿಸಿದಾಗ ಒಂದ ತಂತಿ ಇತ್ತು, ಒಳಕೋಣಿ ಟಿವಿದು. ಇದು ಯಾವುದು?" ಎಂದಳು. ಅಕ್ಕ ಹಾಸಿಗೆಯಿಂದ ಹೇಳಿದಳು: ಹೋದ ರಂಜಾನಿನಲ್ಲಿ ಮುಷರ್ರಫ್ ಹೋಟೆಲಿಗೆ ಇಂಟರ್ನೆಟ್ ಹಾಕಿಸಿದ. ನೆರೆಹೊರೆ ಎಂದು ಗೋಡೆಗೆ ತೂತು ಹೊಡೆದು ಒಂದು ತಂತಿ ಇತ್ತ ಎಳೆದುಕೊಟ್ಟ. ಅಕ್ಕನ ಮನೆಯಿಂದ ಈದ್ ದಿನ ಅವನಿಗೆ ಶೀರಖುರ್ಮಾ ಪಾಯಸ ಹೋಯಿತು. ಲೆಕ್ಕ ಚುಕ್ತಾ.

ಸವಿತಾ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಏನೋ ಎರಡಕ್ಷರ ಹೊಡೆಸಿದಳು. ಪರದೆಯ ಮೇಲೆ ಸಾಲು ಸಾಲು ಪಟ್ಟಿ ಬಿತ್ತು. ಈ ಯಂತ್ರದೊಳಗೆ ಯಾವ ಯಾವ ಸೇವೆ ಕರೆಗಾಗಿ ಕಿವಿಗೊಟ್ಟು ಕುಳಿತಿದೆ, ಯಾವ ವಿಳಾಸದಲ್ಲಿ ಕುಳಿತಿದೆ ಎಂಬ ಪಟ್ಟಿ. ಫೋಟೊ ತೋರಿಸುವ ಸೇವೆ, ಟಿವಿಗೆ ವಿಳಾಸ ಹಂಚುವ ಸೇವೆ, ಪ್ರಿಂಟರಿನದು, ದೂರದಿಂದ ಒಳಬರಲು ಒಂದು. ಎಲ್ಲದರ ಮುಂದೆಯೂ 0.0.0.0.

"ಎಲ್ಲಾ ಸೊನ್ನಿ ಅಂದ್ರ ಏನು ಗೊತ್ತೇನ್ರಿ? ಈ ಮಿಷಿನ್ನಿಗೆ ಎಷ್ಟ್ ಬಾಗಿಲು ಅದಾವೋ ಅಷ್ಟರಾಗೂ ನಿಂತಿರ್ತೀನಿ, ಯಾರ್ ಬಡದ್ರೂ 'ಬರ್ರಿ' ಅಂತೀನಿ ಅಂತ. ಆಗ ಬಾಗಿಲ ಒಂದ ಇತ್ತು, ನಡೀತು. ಈಗ ಎರಡಾಗ್ಯಾವ. ಹೋಟೆಲ್ ಟಿವಿ ಬಂದು ಬಡೀತು, ಇದು ಬರ್ರಿ ಅಂತು."

ನಾನು ಎದ್ದು ನಿಂತೆ. ಮೂವತ್ತೆಂಟು ವರ್ಷ ಸ್ವಿಚ್‌ಬೋರ್ಡಿನಿಂದ ಮುಂದಿನ ಡಿಜಿಟಲ್ ಯಂತ್ರದತನಕ ದುಡಿದವನಿಗೆ ಇದು ಹೇಳಿಕೊಡಬೇಕೇ? ಒಂದು ಬೋರ್ಡಿನ ಆಪರೇಟರ್ ತನ್ನ ಬೋರ್ಡಿನ ಕರೆ ಮಾತ್ರ ಎತ್ತಬೇಕು. ಎಲ್ಲ ಬೋರ್ಡಿಗೂ ಕೈ ಹಾಕುವವನನ್ನು ನಾವು ಒಂದು ವಾರ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ!

"ಹಂಗಾದ್ರ ನಿಮಗ ನಾ ಹೇಳೋದೇನದ? ನೀವ ಮಾಡ್ರಿ" ಎಂದಳು.

ಮಾಡಿದೆ. ಪ್ರತಿ ಸೇವೆಗೂ ಒಂದು ಸೂಚನೆಗಳ ಕಡತ. ಅದರಲ್ಲಿ ಒಂದು ಸಾಲು: ಯಾವ ಸಾಕೆಟ್ಟಿನಲ್ಲಿ, ಯಾವ ವಿಳಾಸದಲ್ಲಿ ಕೇಳಬೇಕು ಎಂದು. ಮೇಲಿನ ಸಾಕೆಟ್ಟು ಒಳಕೋಣೆಯದು, ಅದರ ವಿಳಾಸ 192.168.5.1. ಸಿಕ್ಕ ಕಡತಗಳಿಗೆಲ್ಲ ಅದನ್ನೇ ಬರೆದೆ. ಸೇವೆಗಳನ್ನು ನಿಲ್ಲಿಸಿ ಮತ್ತೆ ಎಬ್ಬಿಸಿ ಪಟ್ಟಿ ತೆಗೆದರೆ ಒಂದೇ ಒಂದು ಎಲ್ಲಾ-ಸೊನ್ನೆ ಉಳಿದಿತ್ತು, ಪ್ರಿಂಟರಿನದು. ಪ್ರಿಂಟರು ಕೆಟ್ಟು ಒಂದು ವರ್ಷವಾಗಿದೆಯಂತೆ. ಇಲ್ಲದ ಪ್ರಿಂಟರಿಗಾಗಿ ಬಜಾರಿನ ಕಡೆ ಕಿವಿ ತೆರೆದು ಕೂತ ಸೋಮಾರಿ! ಅದನ್ನು ಪೂರ್ತಿ ಕಿತ್ತುಹಾಕಿದೆ. ಇಷ್ಟು ಸಂತೋಷ ನಿವೃತ್ತಿಯ ದಿನವೂ ಆಗಿರಲಿಲ್ಲ.

ಆಜ್ಞೆಗಳನ್ನು ಬರೆದುಕೊಳ್ಳಲು ಹಾಳೆ ಸಿಗಲಿಲ್ಲ. ದೂರಿನ ಪ್ರತಿಗಳ ಹಿಂಬದಿ ಖಾಲಿ ಇತ್ತು, ಅದರ ಮೇಲೆ ಬರೆದುಕೊಂಡೆ.

ನವೆಂಬರ್ 27, ಬುಧವಾರ

ಮೂರು ದಿನದಿಂದ ಜನ ಮತ್ತೆ ಬರುತ್ತಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪಟ್ಟಿ ತೆಗೆದು ನೋಡುತ್ತೇನೆ.

ಸೋಮವಾರವೇ ಮುಷರ್ರಫನಿಗೆ ವಿಷಯ ತಿಳಿಸಬೇಕಾಯಿತು. ಕ್ಷಮೆ ಎಂಬ ಶಬ್ದ ಬಳಸಲಿಲ್ಲ, ತಾಂತ್ರಿಕ ವಿವರಣೆ ಕೊಟ್ಟೆ. ಅವನು ಪೂರ್ತಿ ಕೇಳಿ, "ಅಂದ್ರ ನಾ ಕಳ್ಳ ಅಲ್ಲ ಅಂತಾತು" ಎಂದು ಚಹಾ ಮುಂದಿಟ್ಟ. ಇವತ್ತಿನ ಚಹಾ ಚೆನ್ನಾಗಿತ್ತು. ನಿನ್ನೆಯೂ ಚೆನ್ನಾಗಿತ್ತು. ಮೊನ್ನೆಯದು ಸ್ವಲ್ಪ ಸಿಹಿ ಹೆಚ್ಚು.

ನವೆಂಬರ್ 29, ಶುಕ್ರವಾರ

ಶುಕ್ರವಾರ ಯಾರೂ ಬರುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ವಾರಕ್ಕೊಮ್ಮೆ ಬೋರ್ಡಿನ ಪಿನ್ನುಗಳನ್ನೆಲ್ಲ ಕಿತ್ತು, ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ಮತ್ತೆ ಚುಚ್ಚುವುದು ನನ್ನ ಪದ್ಧತಿ. ಧೂಳೇ ಎಲ್ಲ ರೋಗದ ತಾಯಿ. ಕಂಪ್ಯೂಟರಿನ ಬೆನ್ನು ನೋಡಿದರೆ ಎರಡು ವರ್ಷದ ಮಾನ್ವಿಯ ಧೂಳು. ಎರಡೂ ತಂತಿ ಕಿತ್ತು, ಒರೆಸಿ, ಚುಚ್ಚಿದೆ. ಪಟ್ಟಿ ತೆಗೆದೆ. ಎಲ್ಲವೂ 192.168.5.1. ಹಾಯಾಗಿ ಮಲಗುತ್ತೇನೆ.

ನವೆಂಬರ್ 30, ಶನಿವಾರ

ಎರಡೂ ನೀಲಿ ತಂತಿ. ಮೇಲಿನದನ್ನು ಕೆಳಗೆ ಚುಚ್ಚಿದ್ದೆ, ಕೆಳಗಿನದನ್ನು ಮೇಲೆ.

ಬೆಳಿಗ್ಗೆ ಆರೂವರೆಗೆ ಹಿಂಬಾಗಿಲು ಬಡಿದ ಸದ್ದು. ತೆರೆದರೆ ಮುಷರ್ರಫ್. ಇಷ್ಟು ವರ್ಷದಲ್ಲಿ ಅವನು ಆ ಬಾಗಿಲಿಗೆ ಬಂದವನಲ್ಲ. ನನ್ನ ಮುಖ ನೋಡದೆ, "ಅಮೀರ್ ಭಾಯ್, ಕವಾಲಿ ಹಚ್ಚಾಕ ಹೋದ್ರ ಟಿವಿಯೊಳಗ ಹೆಣ್ಣಮಗಳದ್ದು ಬಂತು. ಒಂದ ಫೋಟೊ. ಪ್ಲಗ್ ಕಿತ್ತೀನಿ" ಎಂದ.

"ಯಾರ್ ನೋಡಿದ್ರು?"

"ನಾ ನೋಡ್ದೆ, ನೋಡಿ ಕಣ್ಣ ತೆಗದೆ. ಒಬ್ಬ ಲಾರಿ ಡ್ರೈವರ್ ಇದ್ದ, ಬೆನ್ನು ಈ ಕಡೆ ಮಾಡಿ ಕುಂತಿದ್ದ. ನೋಡಿಲ್ಲ ಅನಸ್ತದ. ಖಾತ್ರಿ ಹೇಳಾಕ ಬರಲ್ಲ."

ಸವಿತಾಳಿಗೆ ಫೋನು ಮಾಡಿದೆ. ಎರಡು ನಿಮಿಷದಲ್ಲಿ ತಪ್ಪು ಹಿಡಿದಳು. ಸೇವೆಗಳು ತಮಗೆ ಹೇಳಿದಂತೆ ಮೇಲಿನ ಸಾಕೆಟ್ಟಿನಲ್ಲೇ ಕೇಳುತ್ತಿದ್ದವು. ಆ ಸಾಕೆಟ್ಟಿನ ಆಚೆ ಒಳಕೋಣೆಯ ಬದಲು ಹೋಟೆಲಿತ್ತು. ಹೋಟೆಲಿನ ಟಿವಿ ಎಚ್ಚರಗೊಂಡು ವಿಳಾಸ ಕೇಳಿದಾಗ ನಮ್ಮ ಯಂತ್ರವೇ ಓಡಿಹೋಗಿ ಕೊಟ್ಟು ಒಳಗೆ ಕರೆದಿದೆ. "ಪಟ್ಟಿ ಸರಿ ಇತ್ತಲ್ಲವ್ವಾ!" ಎಂದು ಕೂಗಿದೆ. "ಪಟ್ಟಿಗೆ ಸಾಕೆಟ್ ಗೊತ್ತು ಸಾಹೇಬ್ರ. ತಂತಿ ಆ ಕಡಿ ಯಾರ ಮನಿಗೆ ಹೋಗ್ಯದ ಅಂತ ಅದಕ್ಕ ಹೆಂಗ ಗೊತ್ತಾಗ್ಬೇಕು?" ಎಂದಳು.

ತಂತಿ ಸರಿಮಾಡಿ ಯಂತ್ರ ಬಂದ್ ಮಾಡಿದೆ. ಅಕ್ಕನ ಮುಂದೆ ಹೋಗಿ ನಿಂತೆ. ಬಯ್ಯಲಿಲ್ಲ.

"ಯಾರ ಫೋಟೊ?"

ಮಿನಾಜ್. ಫೋಟೊದ ಕೆಳಗಿನ ಹೆಸರನ್ನು ಮುಷರ್ರಫ್ ಓದಿದ್ದ. ದೇವದುರ್ಗದಲ್ಲಿ ನರ್ಸು. ಇಪ್ಪತ್ತೇಳು ವರ್ಷ. ಫೋಟೊ ಕೊಡಲು ಅಕ್ಕ ಮೂರು ಸಲ ಕೇಳಬೇಕಾಗಿತ್ತಂತೆ.

"ನನಗ ಏಳಾಕ ಆಗಲ್ಲ. ನಾಳೆ ನೀ ಹೋಗು. ಆದದ್ದು ಆದಂಗ ಆಕಿಗೊಬ್ಬಾಕಿಗೆ ಹೇಳು. ಆಕಿ ಬಂದ್ ಮಾಡ್ರಿ ಅಂದ್ರ ಬಂದ್."

ಡಿಸೆಂಬರ್ 1, ಭಾನುವಾರ

ದೇವದುರ್ಗದ ಬಸ್ಸಿನಲ್ಲಿ ಸಿರವಾರದ ತನಕ ನಿಂತೇ ಹೋದೆ. ಭತ್ತದ ಕೊಯ್ಲು ನಡೆದಿದೆ, ರಸ್ತೆಯ ಅರ್ಧ ಭಾಗ ಕಾಳು ಒಣಗಲು ಹಾಕಿದ್ದಾರೆ. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಎರಡು ಪುಟದಷ್ಟು ಸಿದ್ಧಮಾಡಿಕೊಂಡಿದ್ದೆ, ಪೀಠಿಕೆ ಸಮೇತ.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಮಿನಾಜ್ ಬಂದಳು, ಪಾಳಿ ಮುಗಿಸಿ. ಕೈಯಲ್ಲಿ ಊಟದ ಡಬ್ಬಿ. "ಅನ್ವರಿ ಖಾಲಾ ಹುಷಾರ ಅದಾರೇನ್ರಿ ಮಾಮೂ?" ಎಂದು ಕೇಳಿದಳು. ಎರಡು ಪುಟವೂ ಹಾರಿಹೋಯಿತು. ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದೆ.

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

"ಎಷ್ಟ್ ಹೊತ್ತಿತ್ತು?"

"ನಾಲ್ಕೈದು ಸೆಕೆಂಡು."

"ಯಾರ ಕೈಯಿಂದ ಆತು?"

"ನನ್ನ ಕೈಯಿಂದ."

ಡಬ್ಬಿಯ ಮುಚ್ಚಳ ಒತ್ತಿ ಬಿಗಿಮಾಡಿದಳು.  

"ಈ ವಾರ ನಮ್ಮ ವಾರ್ಡಿನ್ಯಾಗ ಒಬ್ಬಾಕಿಗೆ ಎರಡು ನಳಿಗಿ ಹಾಕಿದ್ದ್ವಿ" ಎಂದಳು. "ಒಂದು ರಕ್ತನಾಳಕ್ಕ, ಒಂದು ಹೊಟ್ಟಿಗೆ. ನೋಡಾಕ ಎರಡೂ ಒಂದ ಥರ. ಅದಲ ಬದಲ ಆದ್ರ ಜೀವ ಹೋಗ್ತದ. ಆ ಭಯ ನನಗ ದಿನಾ ಇರ್ತದ್ರಿ. ಹಂಗಂತ ನಿಮ್ಮದು ತಪ್ಪಲ್ಲ ಅಂತ ನಾ ಅನ್ನಂಗಿಲ್ಲ."

"ಅನಬ್ಯಾಡ" ಎಂದೆ.

"ಖಾಲಾ ಬಂದ್ ಮಾಡ್ತಾರಂತೇನು, ಖರೇನ?"

"ನೀ ಹೇಳಿದಂಗ."

"ಮಂಗಳವಾರ ರಜಾ ಅದ. ಬಂದು ಕಣ್ಣಾರೆ ನೋಡ್ತೀನಿ. ನೋಡಿದ ಮ್ಯಾಲ ಹೇಳ್ತೀನಿ."

ಬರುವಾಗ ಬಸ್ಸು ಅರ್ಧ ತಾಸು ತಡ. ಯಾಕೆಂದು ಕೇಳಲಿಲ್ಲ.

ಡಿಸೆಂಬರ್ 2, ಸೋಮವಾರ

ಸಿರವಾರದಿಂದ ಇಬ್ಬರು ತಾಯಂದಿರು ಬಂದರು. ಅಕ್ಕ ಮಾತಾಡಿಸಿ, ಚಹಾ ಕೊಡಿಸಿ, ಏನೂ ತೋರಿಸದೆ ಕಳಿಸಿದಳು. ಮುಷರ್ರಫ್ ಎರಡು ಸಲ ಗೋಡೆಯಾಚೆಯಿಂದ ಕೇಳಿದ: "ಏನಾತು?" ಇನ್ನೂ ಇಲ್ಲ ಎಂದೆ.

ಡಿಸೆಂಬರ್ 3, ಮಂಗಳವಾರ

ಹನ್ನೊಂದಕ್ಕೆ ಮಿನಾಜ್ ಬಂದಳು, ಹಿಂಬಾಗಿಲಿನಿಂದ. ಹೇಳದೆಯೇ ಮೊಬೈಲು ಡಬ್ಬಿಗೆ ಹಾಕಿದಳು. ಅಕ್ಕನ ಪ್ಲಾಸ್ಟರಿನ ಅಂಚಿಗೆ ಬೆರಳು ಹಾಕಿ ನೋಡಿ, "ಬಿಗಿ ಹಾಕ್ಯಾರ, ಕಾಲ ಮ್ಯಾಲ ಇಡ್ರಿ" ಎಂದು ಎರಡು ದಿಂಬು ಕೊಟ್ಟಳು. ಆಮೇಲೆ, "ಎಲ್ಲೈತಿ ಅದು?" ಎಂದಳು.

ಕಂಪ್ಯೂಟರಿನ ಹಿಂದೆ ಮೊಣಕಾಲೂರಿ ಕುಳಿತಳು. ನಾನು ಟಾರ್ಚು ಹಿಡಿದೆ. ಚೀಲದಿಂದ ಆಸ್ಪತ್ರೆಯ ಬಿಳಿ ಅಂಟುಪಟ್ಟಿಯ ಸುರುಳಿ ತೆಗೆದಳು. ಒಂದು ತಂತಿಯ ತುದಿಗೆ ಸುತ್ತಿ ಪೆನ್ನಿನಲ್ಲಿ 'ಒಳಗ' ಎಂದು ಬರೆದಳು. ಇನ್ನೊಂದಕ್ಕೆ 'ಹೋಟೆಲ್'. ಸಾಕೆಟ್ಟುಗಳ ಪಕ್ಕದಲ್ಲೂ ಅದನ್ನೇ ಅಂಟಿಸಿದಳು.

"ಈಗ ಎರಡೂ ಕೀಳ್ರಿ ಮಾಮೂ."

ಕಿತ್ತೆ.

"ಕಣ್ಣ ಮುಚ್ಚಿ ಅದಲ ಬದಲ ಮಾಡ್ರಿ. ಹೂಂ. ಈಗ ಓದಿ ಚುಚ್ರಿ."

ಓದಿ ಚುಚ್ಚಿದೆ. "ಗಟ್ಟಿ ಓದ್ರಿ" ಎಂದಳು. ವಾರ್ಡಿನಲ್ಲಿ ಹಾಗೇ ಮಾಡುವುದಂತೆ, ಕೈ ಹಾಕುವ ಮೊದಲು ಬಾಯಲ್ಲಿ ಹೇಳಬೇಕು. "ಒಳಗ, ಒಳಗ. ಹೋಟೆಲ್, ಹೋಟೆಲ್" ಎಂದು ಅರವತ್ತೇಳು ವರ್ಷದ ನಾನು ಒಂದನೇ ತರಗತಿಯವನಂತೆ ಓದಿದೆ. ಅಕ್ಕ ಹಾಸಿಗೆಯಲ್ಲಿ ನಗುತ್ತಿದ್ದಳು. ಬಿದ್ದ ಮೇಲೆ ಅವಳು ನಕ್ಕದ್ದು ಇವತ್ತೇ.

ಮಿನಾಜ್ ಅಷ್ಟಕ್ಕೇ ಬಿಡಲಿಲ್ಲ. ಯಂತ್ರ ಹಚ್ಚಿಸಿ, ಈಗ ಹೋಟೆಲಿನಲ್ಲಿ ಏನು ಕಾಣುತ್ತದೋ ಗೊತ್ತಾಗಬೇಕು ಎಂದಳು. ನಾನು ಗೋಡೆಯ ಹತ್ತಿರ ನಿಂತು ಕೂಗಿದೆ. ಮುಷರ್ರಫ್ ಗಿರಾಕಿಗಳನ್ನು ಹೊರಗೆ ಕೂಡಿಸಿ, ಟಿವಿ ಹಚ್ಚಿ, ಪಟ್ಟಿ ತೆಗೆದು ಅಲ್ಲಿಂದಲೇ ಕೂಗಿದ:

"ಪೆನ್ ಡ್ರೈವ್ ಒಂದ ಅದ! ಬ್ಯಾರೆ ಏನೂ ಇಲ್ಲ!"

"ಮತ್ತೊಮ್ಮಿ ಬಂದ್ ಮಾಡಿ ಹಚ್ಚಾಕ ಹೇಳ್ರಿ" ಎಂದಳು ಮಿನಾಜ್.

"ಪೆನ್ ಡ್ರೈವ್ ಒಂದ, ತಾಯಿ! ಕವಾಲಿ ಹಚ್ಚಲೇನು?"

ಮಿನಾಜ್ ಕೈ ಒರೆಸಿಕೊಂಡು ಎದ್ದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ನಾನೂ. 

"ಬಂದ್ ಮಾಡಬ್ಯಾಡ್ರಿ ಖಾಲಾ" ಎಂದಳು. "ನೀವು ಬಂದ್ ಮಾಡಿದ್ರ ನಮ್ಮವ್ವ ನನ್ನ ಫೋಟೊ ಮೊಬೈಲಿನ್ಯಾಗ ಊರೆಲ್ಲಾ ಕಳಸ್ತಾಳ. ಅದಕ್ಕ ಯಾವ ತಂತಿ ಕೀಳ್ಲಿ ನಾ? ಇಲ್ಲೇ ಇರ್ಲಿ. ಆದ್ರ ಆ ಫೋಟೊ ಬ್ಯಾಡ, ಅದ್ರಾಗ ನಾ ಅಳೋಹಂಗ ಕಾಣ್ತೀನಿ. ಬ್ಯಾರೆ ತಂದೀನಿ."

ಅಕ್ಕ ಅವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.  ಆಮೇಲೆ ಅಕ್ಕ, "ಬಂದೀ ಅಂದಮ್ಯಾಲ ಸುಮ್ನ ಹೋಗ್ತೀಯೇನು? ನಾಲ್ಕು ಹುಡುಗರನ್ನ ನೋಡಿ ಹೋಗು" ಎಂದಳು.

"ತೋರಸ್ರಿ ನೋಡೋಣು. ರಿಮೋಟ್ ನನ್ನ ಕೈಯಾಗಿರ್ಲಿ."

ಟಿವಿ ಹೊತ್ತಿತು. ಮೊದಲನೆಯವನು ಕೋಟಿನವನು. "ಮುಂದ" ಎಂದಳು ಮಿನಾಜ್. ಬೈಕಿನವನು ಬಂದ. "ಇವ್ನ ಬೈಕ್ ಛಲೋ ಅದ. ಮುಂದ." ಅಕ್ಕ ಹೊಟ್ಟೆ ಹಿಡಿದು ನಗುತ್ತ ನನ್ನ ಕಡೆ ತಿರುಗಿ, ಇನ್ನೂ ಇದ್ದೀಯಾ ಎಂಬಂತೆ ನೋಡಿದಳು.

ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಪಡಸಾಲೆಯಲ್ಲಿ ಕುಳಿತರೆ ಮಾತು ಕೇಳಿಸುತ್ತದೆಂದು ಹೋಟೆಲಿಗೆ ಹೋದೆ. ಮುಷರ್ರಫ್ ನನ್ನ ಮುಖ ನೋಡಿದ್ದೇ ಕೇಳದೆ ಒಲೆಗೆ ಹಾಲು ಏರಿಸಿದ. ಟಿವಿಯಲ್ಲಿ ಕವಾಲಿ ನಡೆದಿತ್ತು. ಸದ್ದು ಸ್ವಲ್ಪ ಜಾಸ್ತಿ ಮಾಡು ಎಂದೆ.

ಒಂದೂವರೆ ತಾಸಿನ ಮೇಲೆ ಮಿನಾಜ್ ಗಲ್ಲಿಯಿಂದ ಬಜಾರಿಗೆ ಬಂದು ಹೋಗುವುದು ಕಂಡಿತು, ಸೆರಗು ಸರಿಮಾಡಿಕೊಳ್ಳುತ್ತ, ತನ್ನಷ್ಟಕ್ಕೆ ನಗುತ್ತ. ಯಾರನ್ನಾದರೂ ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಅಕ್ಕನೂ ಹೇಳಲಿಲ್ಲ. ಮುಷರ್ರಫ್ ಎರಡನೇ ಚಹಾ ಕೊಟ್ಟ, ಸಿಹಿ ಸರಿಯಾಗಿತ್ತು.